ಧೋತರದ ಮೇಲಿನ ಇರುವೆ

ಮತ್ತೆ ಕೊಡದ ಮುಚ್ಚಳ ಸರಿಯಿತು, ತಾಮ್ರಕ್ಕೆ ತಾಮ್ರ ಉಜ್ಜಿದ ಸಪ್ಪಳ, ಆಮೇಲೆ ತಂಬಿಗೆ ಮುಳುಗಿದ ಗುಳುಗುಳು, ಆಮೇಲೆ ಗಂಟಲು, ಗಟ ಗಟ ಗಟ — ಇದು ಐದನೆಯದು, ಬಿಸಿಲು ಈಗಷ್ಟೇ ಬೆನ್ನಿಗೆ ಹತ್ತಿದೆ, ಹೊತ್ತು ಇನ್ನೂ ಬೇವಿನ ಗಿಡದ ತಲೆ ದಾಟಿರಲಿಕ್ಕಿಲ್ಲ, ಇಷ್ಟರಲ್ಲೇ ಐದು ತಂಬಿಗೆ, ಯಾವ ಹೊಲ ಉತ್ತು ಬಂದ ನನ್ನ ಮಗ ಪ್ರಭುಲಿಂಗಪ್ಪ, ಈ ಮಾಗಿಯ ಚಳಿಯಲ್ಲಿ ಗಾಡಿ ಎಳೆದು ಬಂದ ಎತ್ತೂ ಇಷ್ಟು ನೀರು ಕುಡಿಯುವುದಿಲ್ಲ, ಎಣಿಸುವುದು ಬೇಡ ಎಂದರೂ ಕಿವಿ ಎಣಿಸುತ್ತದೆ, ಕಣ್ಣು ಹೋದ ಮೇಲೆ ಕಿವಿಗೆ ಬೇರೆ ಏನು ಕೆಲಸ. ತೆನೆ. ಕೈಯಲ್ಲಿರುವ ತೆನೆ ನೋಡು ಸಿದ್ದಲಿಂಗವ್ವ, ನೋಡು ಅಂದರೆ ಮುಟ್ಟು, ದಂಟು ಗಟ್ಟಿ, ಕಾಳು ಒತ್ತಾಗಿ ಕೂತಿದೆ, ಹೆಬ್ಬೆರಳಿಗೆ ಎಲ್ಲೂ ಪೊಳ್ಳು ಸಿಗಲಿಲ್ಲ, ಬೀಜಕ್ಕಾಯಿತು, ಎಡಗಡೆಯ ಬುಟ್ಟಿಗೆ — ಇಪ್ಪತ್ತೆಂಟು ವರ್ಷ ಈ ಜಕ್ಕಲಿಯಲ್ಲಿ ನಮ್ಮ ಮನೆಯ ಬೀಜದ ಜೋಳ ಆರಿಸಿದವಳು ನಾನು, ಹಿಂಗಾರಿ ಬಿತ್ತನೆ ಬಂತೆಂದರೆ ಊರವರು ನಮ್ಮ ಬೀಜಕ್ಕಾಗಿ ಬಾಗಿಲಿಗೆ ಬರುತ್ತಿದ್ದರು, ತೆನೆಯ ಸಂದಿಯಲ್ಲಿ ಒಂದೇ ಒಂದು ಕಾಳಿಗೆ ಕಾಡಿಗೆ ರೋಗ ಬಡಿದಿದ್ದರೂ ಮಾರು ದೂರದಿಂದ ಹೇಳುತ್ತಿದ್ದೆ, ಈಗ ಕಪ್ಪು ಬೆರಳಿಗೆ ಹತ್ತಿ ಮೂಗಿಗೆ ವಾಸನೆ ಬಂದ ಮೇಲೆ ಗೊತ್ತಾಗುತ್ತದೆ, ಅದೂ ಸಾಲದೆಂದು ನಾನು ಬುಟ್ಟಿಗೆ ಹಾಕಿದ ತೆನೆಯನ್ನು ಪಕ್ಕದಲ್ಲೇ ಕೂತ ಸೊಸೆ ಗೌರವ್ವ ಸದ್ದಿಲ್ಲದೆ ಮತ್ತೆ ಎತ್ತಿ ನೋಡುತ್ತಾಳೆ, ಬಳೆಗಳನ್ನು ಮೊಳಕೈಗೆ ಏರಿಸಿಕೊಂಡು ನೋಡುತ್ತಾಳೆ, ಬಳೆ ಸುಮ್ಮನಿದ್ದರೇನು, ತೆನೆ ಸುಮ್ಮನಿರುತ್ತದೆಯೇ, ಒಣ ಸಿಪ್ಪೆ ಚರಚರ ಅನ್ನುತ್ತದೆ, ಪುರ್ತಗೇರಿಯಿಂದ ಬಂದ ಹುಡುಗಿ, ಒಳ್ಳೆಯವಳೇ, ಆದರೂ ಮೈ ಉರಿಯುತ್ತದೆ. ಉರಿಯಲಿ. ಇವತ್ತು ನಾನು ಹಿತ್ತಲಲ್ಲಿ ಕೂತದ್ದು ತೆನೆಗಾಗಿ ಅಲ್ಲ. ನನ್ನ ಬಲಗಡೆ, ಒಂದು ಮೊಳ ಆಚೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಗನ ಧೋತರ ಹಾಸಿದ್ದೇನೆ, ಬಿಳಿ ಧೋತರ, ಬಿಳಿ ಎಂಬುದು ನೆನಪು, ಕಾಣುವುದು ಬೂದಿ ಚೆಲ್ಲಿದ ಹಾಗೆ ಒಂದು ಮಬ್ಬು, ಅದರ ಮೇಲೆ ಇರುವೆ ಬರುತ್ತವೋ ಇಲ್ಲವೋ ಎಂದು ಕಾಯುತ್ತಿದ್ದೇನೆ.

ಕದ್ದು ತಂದೆ, ಹೌದು, ಹೆತ್ತ ಮಗನ ಉಟ್ಟು ಬಿಟ್ಟ ಧೋತರವನ್ನು ಗೋಡೆ ಹಿಡಿದು ತಡವರಿಸಿ ಹೋಗಿ ಗೂಟದಿಂದ ಇಳಿಸಿಕೊಂಡು ಬಂದೆ, ಇವತ್ತೊಂದು ದಿನ ತಡವಾಗಿ ಎದ್ದು ಒಗೆಯದೆ ಬಿಟ್ಟಿದ್ದ, ಬೇರೆ ದಾರಿ ಬಿಟ್ಟಿದ್ದರೆ ತಾನೇ. ಎಂಟು ದಿನದಿಂದ ಕೇಳುತ್ತಿದ್ದೇನೆ, ಕೋಳಿ ಕೂಗುವ ಹೊತ್ತಿಗೆ ಬಾವಿಯ ಗಡಗಡಿ ತಿರುಗುತ್ತದೆ, ನೀರು ಸುರಿಯುತ್ತದೆ, ಕಲ್ಲಿನ ಮೇಲೆ ಬಟ್ಟೆ ಬೀಳುತ್ತದೆ, ಒಗೆಯುವ ಕೈ ಹೆಂಗಸಿನದಲ್ಲ, ಹೆಂಗಸಿನ ಕೈಗೆ ಒಂದು ಲೆಕ್ಕ ಇರುತ್ತದೆ, ಇದು ಹಾವು ಬಡಿದ ಹಾಗೆ ಬಡಿಯುವುದು, ಹಿಂಡುವುದೂ ಗೊತ್ತಿಲ್ಲ, ಹಗ್ಗದ ಮೇಲೆ ಹಾಕಿದ ಧೋತರ ಮಧ್ಯಾಹ್ನದವರೆಗೆ ತೊಟ್ಟಿಕ್ಕುತ್ತದೆ. ನಾಲ್ಕು ಕೂರಿಗೆ ಹೊಲದ ಮನೆಯ ಯಜಮಾನ, ಇವರಪ್ಪ ಉಟ್ಟ ಬಟ್ಟೆಯನ್ನು ತಾನೇ ನೀರಿಗೆ ಅದ್ದಿದವನಲ್ಲ, ಇವನ ಅಜ್ಜ ಅದ್ದಿದವನಲ್ಲ, ಅಗಸರ ಅಡಿವೆವ್ವ ಮೂರು ದಿನಕ್ಕೊಮ್ಮೆ ಗಂಟು ಒಯ್ಯುತ್ತಾಳೆ, ಅವಳಿಗೆ ಕೊಡದೆ ನೀನೇ ಒಗೆಯುವಂಥದ್ದು ಏನಿದೆ ಅದರಲ್ಲಿ. ಕೇಳಿದೆ. ಯಾಕಪಾ ಪ್ರಭೂ, ಕೈಕಾಲು ನೋಯಿಸಿಕೊಳ್ತಿ, ಅಂದೆ. ಪೂಜಿಗೆ ಕೂಡತೇನವ್ವಾ, ಮಡಿ ಬೇಕಲ್ಲ, ಅಂದ. ಸುಳ್ಳು. ಪೂಜೆಗೆ ಉಡುವುದು ಮೇಲಿನ ಗೂಟದ್ದು, ಅಂಚಿನಲ್ಲಿ ರೇಷ್ಮೆ ಇರುವಂಥದು, ಅದು ತಿಂಗಳಿಂದ ಒಣಗಿ ಕೂತಿದೆ, ನಾನು ಮುಟ್ಟಿ ನೋಡಿದ್ದೇನೆ, ಇವನು ಒಗೆಯುವುದು ಮಲಗಿ ಎದ್ದ ಧೋತರ. ಕುರುಡಿಗೆ ಸುಳ್ಳು ಹೇಳುವುದು ಎಷ್ಟು ಸುಲಭ ಎಂದುಕೊಂಡಿದ್ದಾರೆ ಎಲ್ಲರೂ! ಮೊನ್ನೆ ಸಂಜೆ ಕರುವಿನ ಹಗ್ಗ ಎಡವಿ ಬಿದ್ದ, ಹಗ್ಗಾ ಅಲ್ಲ್ಯಾಕ ಕಟ್ಟಿದಿ, ಅಂತ ಗೌರಿಯ ಮೇಲೆ ಹಾರಾಡಿದ, ಹಗ್ಗ ಹತ್ತು ವರ್ಷದಿಂದ ಅಲ್ಲೇ ಇದೆ. ಅವತ್ತೇ ಅವನ ಧೋತರ ಇರುವೆಗೆ ಹಾಸಿ ನೋಡಬೇಕೆಂದುಕೊಂಡೆ.

ಯಾಕೆಂದರೆ ನನಗೆ ಗೊತ್ತಿತ್ತು. ಯಾರೂ ಹೇಳಲಿಲ್ಲ ಎಂದು ದೇವರ ಮುಂದೆ ನಿಂತು ಹೇಳಲಾರೆ, ಹೇಳಿದ್ದರು, ನಾಲ್ಕು ವರ್ಷದ ಹಿಂದೆ, ಇದೇ ಹಿತ್ತಲು, ಎರಡು ಕಣ್ಣೂ ನೆಟ್ಟಗಿದ್ದ ಕಾಲ, ಅಡಿವೆವ್ವ ಒಗೆದ ಗಂಟನ್ನು ಇಳಿಸಿ ಹೋಗದೆ ನಿಂತಳು, ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು, ಅವಳ ಬೆರಳು ಬಟ್ಟೆ ಒಗೆಯುವ ಸವಳು ಮಣ್ಣಿಗೆ ಬಿಳಿಚಿ ಬಿರಿದಿದ್ದದ್ದೂ ಕಾಣುತ್ತಿತ್ತು ನನಗೆ. ಎವ್ವಾರ, ಸಿಟ್ಟಾಗಬ್ಯಾಡ್ರಿ, ಅಂದಳು, ಗಂಟು ಬಿಚ್ಚಿ ನಮ್ಮ ಅಂಗಳದಾಗ ಇಟ್ಟರ ನಿಮ್ಮ ಸೀರಿಗಷ್ಟ ಇರುವಿ ಹತ್ತತಾವ್ರಿ, ಉಳಿದ ಅರಿವಿಗೆ ಹತ್ತೂದಿಲ್ಲ. ಹನ್ನೆರಡು ಮನಿ ಒಗೀತೇನ್ರಿ ನಾನು, ಹಿಂಗ ಇರುವಿ ಹತ್ತಿದ ಅರಿವಿ ಮೂರು ಮಂದೀದು ನೋಡೇನಿ, ಮೂರೂ ಮಂದಿಗೆ ಮುಂದ ಕಣ್ಣು ಹ್ವಾದುವ್ರಿ, ಒಬ್ಬರಿಗೆ ಲಗೂ, ಒಬ್ಬರಿಗೆ ತಡಾ, ಹೋಗೂದಂತೂ ಹ್ವಾದುವು. ಕಣ್ಣ ಜ್ವಾಕಿ ಎವ್ವಾರ. ಅಷ್ಟೇ ಅಂದದ್ದು. ಹನ್ನೆರಡು ಮನೆಯ ಬಟ್ಟೆ ನೋಡಿ, ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡು, ಹೆದರಿ ಹೆದರಿ ನನ್ನ ಬಾಗಿಲಿಗೆ ತಂದ ಮಾತು, ಅವಳಿಗೆ ಅಕ್ಷರ ಬಾರದು, ನಾಡಿ ಹಿಡಿಯಲು ಬಾರದು, ಬಟ್ಟೆ ಬರುತ್ತದೆ, ಬಟ್ಟೆ ಹೇಳಿದ್ದನ್ನು ಕೇಳಿಸಿಕೊಳ್ಳಲು ಬರುತ್ತದೆ. ನಾನೇನು ಮಾಡಿದೆ. ನಾಲಗಿ ಬಿಗಿ ಹಿಡಿ, ಅಂದೆ, ನನ್ನ ಸೀರಿ ಮೂಸಿ ನೋಡಾಕ ನಿನಗ ಯಾರು ಹೇಳಿದ್ರು, ನನ್ನ ಮೈ ಹೊಲಸಂತ ಊರತುಂಬ ಸಾರಾಕ ಹೊಂಟೀಯೇನ, ಅಂದೆ. ಓಣಿಯವರು ಕೇಳಲಿ ಎಂದೇ ದನಿ ಎತ್ತಿದೆ. ಎರಡು ಸುಗ್ಗಿ ಅವಳಿಗೆ ಕಣದಲ್ಲಿ ಕೊಡಬೇಕಾದ ಜೋಳ ಕೊಡಲಿಲ್ಲ, ಬೇರೆಯವರಿಗೆ ಬಟ್ಟೆ ಹಾಕಿಸಿದೆ, ಅವರು ಅಂಚು ಹರಿದು ಕೊಟ್ಟರೂ ಸುಮ್ಮನಿದ್ದೆ, ಯಾಕೆಂದರೆ ಅವರು ಏನೂ ಹೇಳುತ್ತಿರಲಿಲ್ಲ. ಆಮೇಲೆ ನನಗೆ ಒಂದು ಕಣ್ಣು ಹೋದ ಮೇಲೆ ಗೌರಿಯೇ ಅಡಿವೆವ್ವನನ್ನು ಮತ್ತೆ ಕರೆಸಿದಳು, ಬಂದಳು, ಒಂದು ಮಾತು ಎತ್ತಲಿಲ್ಲ, ನಾನು ಹೇಳಿದ್ದೆನಲ್ಲ ಎಂದು ಒಮ್ಮೆಯಾದರೂ ಅಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಸಂಕ್ರಾಂತಿಯ ದಿನ, ಎರಡು ವರ್ಷದ ಹಿಂದೆ, ಎಳ್ಳು ಹುರಿಯುತ್ತ ಕೂತಾಗ ಎಡಗಣ್ಣಿನಲ್ಲಿ ಒಂದು ಕಪ್ಪು ಎಳೆ ಇಳಿಯಿತು, ಕೂದಲು ಬಿತ್ತೆಂದು ಕೈಯಾಡಿಸಿದೆ, ಕೂದಲು ಹೋಗಲಿಲ್ಲ, ಕಣ್ಣು ತಿರುಗಿಸಿದ ಕಡೆ ಅದೂ ತಿರುಗಿತು, ಮರುದಿನ ಚುಕ್ಕೆಗಳು, ಒಂದರ ಹಿಂದೆ ಒಂದು, ಥೇಟ್ ಇರುವೆ ಸಾಲು ಹೋದ ಹಾಗೆ, ಮೂರನೆಯ ದಿನ ಕೆಂಪು ಹೊಗೆ, ನೋವಿಲ್ಲ, ಚುಚ್ಚಿಲ್ಲ, ಉರಿಯಿಲ್ಲ, ನೋವಾದರೂ ಆಗಿದ್ದರೆ ಎಚ್ಚರಾಗುತ್ತಿದ್ದೆನೋ ಏನೋ. ರೋಣದ ವೈದ್ಯ ಬಂದ, ದೊಡ್ಡ ರುಮಾಲು, ನನ್ನ ಕೈಯ ಮೇಲೆ ಬಟ್ಟೆ ಹಾಕಿ ನಾಡಿ ಹಿಡಿದ, ಉಷ್ಣ ಏರೇತಿ, ತಂಪು ಮಾಡಬೇಕು, ದಿನಾ ಮುಂಜಾನೆ ಬೆಣ್ಣಿ ಕಲ್ಲಸಕ್ಕರಿ, ರಾತ್ರಿ ಹಾಲು ಬೆಲ್ಲ, ಅಂದ. ನೀರಡಿಕೆ ಎಷ್ಟು ಎಂದು ಕೇಳಲಿಲ್ಲ, ಎಷ್ಟು ಸಲ ಬಚ್ಚಲಿಗೆ ಹೋಗುತ್ತಿ ಎಂದು ಕೇಳಲಿಲ್ಲ, ದೊಡ್ಡ ಮನೆಯ ಹೆಂಗಸನ್ನು ಅಂಥದ್ದೆಲ್ಲ ಕೇಳುವುದೇ, ಕೇಳಿದ್ದರೆ ನಾನೇ ಎದ್ದು ಹೋಗುತ್ತಿದ್ದೆ, ಭಲೆ ಮರ್ಯಾದೆ ನಮ್ಮದು, ಕಣ್ಣು ಹೋದರೂ ಚಿಂತೆಯಿಲ್ಲ, ಬಚ್ಚಲಿನ ಮಾತು ಮಾತ್ರ ಹೊರಗೆ ಬರಬಾರದು! ನನ್ನ ಮಗ ಗಾಡಿ ಕಟ್ಟಿಕೊಂಡು ಹೋಗಿ ಕಲ್ಲುಸಕ್ಕರೆಯ ಗಡಿಗೆ ತಂದ, ಪ್ರೀತಿಯಿಂದ ತಂದ. ಆಮೇಲೆ ಹಕೀಮ ಕುತುಬುದ್ದೀನ, ನರಗುಂದದ ಸಂತೆಯಲ್ಲಿ ಕೂತು ಸೂಜಿಯಿಂದ ಕಣ್ಣಿನ ಪೊರೆ ಸರಿಸುತ್ತಿದ್ದವನು, ಸೂಜಿ ಹಾಕಿಸಬೇಕೆಂದು ಕರೆಸಿದೆವು, ಅಂಗಳದ ಬಿಸಿಲಿಗೆ ನನ್ನ ಮುಖ ತಿರುಗಿಸಿ ಬಹಳ ಹೊತ್ತು ನೋಡಿದ, ಅವನ ಬೆರಳಿಗೆ ಅತ್ತರಿನ ವಾಸನೆ, ಸೂಜಿಯ ಚೀಲ ಬಿಚ್ಚಲೇ ಇಲ್ಲ. ಇದು ಪೊರಿ ಅಲ್ರೀ ಗೌಡ್ರ, ಅಂದ ನನ್ನ ಮಗನಿಗೆ, ಕಣ್ಣಿನ ಪಾಪೆ ಕಪ್ಪಗ ಅದ, ರೋಗ ಅದರ ಹಿಂದ ಅದ, ನಾ ಸೂಜಿ ಹಾಕಿದರ ಇದ್ದದ್ದೂ ಕೆಡತದ, ಒಂದು ಮಾತು ಕೇಳತೇನ್ರಿ, ತಪ್ಪು ತಿಳೀಬ್ಯಾಡ್ರಿ, ಎವ್ವಾರು ಬಚ್ಚಲಕ್ಕ ಹೋಗಿ ಬಂದಲ್ಲಿ ಇರುವಿ ಕೂಡತಾವೇನ್ರಿ. ನನ್ನ ಮಗ ಅವನ ಮೈಮೇಲೆ ಹೋದ. ನಮ್ಮ ಮನಿ ಹೆಣ್ಮಕ್ಕಳ ಬಚ್ಚಲದ ಸುದ್ದಿ ಕೇಳಾಕ ಬಂದೀಯೇನ್ಲೆ, ಅಂದ. ಕೂತಲ್ಲಿಂದಲೇ ನಾನೂ ಕೂಗಿದೆ, ಹೊರಗ ಹಾಕೋ ಅವನ್ನ, ಎಂದು, ಕೂಗಿದೆ, ನನ್ನದೇ ದನಿ, ಈಗಲೂ ಕೇಳುತ್ತದೆ. ಹಕೀಮ ಕೆರ ಮೆಟ್ಟಿಕೊಳ್ಳುತ್ತ ಅಂದ, ಸಿಹಿ ಬಿಡಸ್ರಿ, ಜವೆಗೋದಿ ರೊಟ್ಟಿ, ಹಾಗಲಕಾಯಿ ಕೊಡ್ರಿ, ನಡದಾಡಲಿ, ಹ್ವಾದ ಕಣ್ಣು ಬರೂದಿಲ್ಲ, ಇದ್ದದ್ದು ಉಳದೀತು, ಮತ್ತ ಇದು ರಕ್ತದಾಗ ಬರತದ್ರಿ ಗೌಡ್ರ, ನೀವೂ ಹುಷಾರ. ನೀವೂ ಹುಷಾರ. ಕಲ್ಲು ಹೊಡೆಯಲಿಲ್ಲ ಅಷ್ಟೇ, ಉಳಿದದ್ದೆಲ್ಲ ಮಾಡಿ ಕಳಿಸಿದೆವು. ಹೋದ ವರ್ಷ ನರಗುಂದದ ಕೋಟೆ ಬಿತ್ತು, ದಾರಿಯಲ್ಲೆಲ್ಲ ಕಂಪನಿಯ ದಂಡು, ಹಕೀಮ ಗಜೇಂದ್ರಗಡಕ್ಕೆ ಹೋಗಿ ಕೂತನಂತೆ, ಹೋಗೋಣವೆಂದರೆ ದಾರಿ ಸರಿಯಿಲ್ಲ ಎಂದು ನಾವು ಹೇಳಿಕೊಂಡೆವು, ಗಜೇಂದ್ರಗಡದ ದಾರಿಯಲ್ಲಿ ಯಾವ ದಂಡೂ ಇರಲಿಲ್ಲ, ನೆಪ.

ಹರಕೆ ಹೊತ್ತದ್ದು ನನ್ನ ಮಗ. ಹಕೀಮನನ್ನು ಅಟ್ಟಿದ ಮರುದಿನವೇ ಬಾದಾಮಿಯ ಬನಶಂಕರಿಗೆ ಕೈಮುಗಿದು ಹೊತ್ತ, ಅವ್ವನ ಕಣ್ಣು ಬರಲಿ, ಐದು ವರ್ಷ ಶುಕ್ರವಾರ ಅವ್ವ ಮಗ ಇಬ್ಬರೂ ಅನ್ನ ರೊಟ್ಟಿ ಮುಟ್ಟುವುದಿಲ್ಲ, ಬೆಲ್ಲದ ಪಾನಕ, ತುಪ್ಪ ಸವರಿದ ಬೆಲ್ಲದ ಹೆಂಟೆ, ಅದೇ ಊಟ, ಆಮೇಲೆ ಬೆಳ್ಳಿಯ ಕಣ್ಣು ಮಾಡಿಸಿ ಹಾಕುತ್ತೇನೆ, ಎಂದು. ಎಂಥ ಮಗ, ಎಂದರು ಊರವರು, ನಾನೂ ಅಂದೆ. ಅಯ್ಯೋ ಮಂಕೇ, ಸಿಹಿ ಬಿಡು ಎಂದು ಒಬ್ಬ ಹೇಳಿಹೋದ ಮರುದಿನವೇ ಸಿಹಿಯನ್ನೇ ಊಟ ಮಾಡಿಕೊಂಡವರು ನಾವಲ್ಲದೆ ಇನ್ನಾರು, ವಾರಕ್ಕೊಮ್ಮೆ, ಎರಡು ವರ್ಷ, ದೇವಿಯ ಹೆಸರಿನಲ್ಲಿ, ದೇವಿ ಕೇಳಿದ್ದಳೇ ಬೆಲ್ಲ, ಹುಳಿಮಜ್ಜಿಗೆಯ ಹರಕೆ ಹೊತ್ತಿದ್ದರೆ ಬೇಡ ಅನ್ನುತ್ತಿದ್ದಳೇ. ಈ ಸಲದ ದಸರೆಗೆ ನನ್ನ ಬಲಗಣ್ಣಿಗೂ ಹೊಗೆ ಕವಿಯಿತು, ಅವತ್ತು ನನಗೆ ಅಡಿವೆವ್ವನ ಮಾತು, ಹಕೀಮನ ಮಾತು ಎರಡೂ ಒಟ್ಟಿಗೆ ತಲೆಗೆ ಹತ್ತಿದವು, ಅವತ್ತಿನಿಂದ ನಾನು ಬೆಲ್ಲ ತಿಂದಿಲ್ಲ. ಬಾಯಿಗೆ ಹಾಕಿದ ಹಾಗೆ ಮಾಡಿ ಸೆರಗಿಗೆ ಇಳಿಸುತ್ತೇನೆ, ಗೋದಲಿಗೆ ಹೋಗಿ ಹಸುವಿಗೆ ತಿನ್ನಿಸುತ್ತೇನೆ, ಅದರ ನಾಲಗೆ ನನ್ನ ಅಂಗೈಯನ್ನು ಹರಕು ಚಾಪೆಯ ಹಾಗೆ ಉಜ್ಜುತ್ತದೆ, ಅಂದಿನಿಂದ ಹೊಗೆ ಇದ್ದಷ್ಟೇ ಇದೆ, ಹೆಚ್ಚಾಗಿಲ್ಲ. ಇದನ್ನು ಮಗನಿಗೆ ಹೇಳಿದೆಯಾ ಸಿದ್ದಲಿಂಗವ್ವ. ಇಲ್ಲ. ಹರಕೆ ಮುರಿದವಳು ಎನ್ನಿಸಿಕೊಳ್ಳಬಾರದೆಂದು ಬಾಯಿ ಮುಚ್ಚಿಕೊಂಡೆ, ನನ್ನ ಬೆಲ್ಲ ಹಸುವಿಗೆ ಹಾಕಿದೆ, ಅವನ ಬೆಲ್ಲ ಅವನ ಬಾಯಿಗೇ ಬಿಟ್ಟೆ, ವೈದ್ಯನನ್ನು ಬೈಯುತ್ತೇನೆ, ಮಗನನ್ನು ಬೈಯುತ್ತೇನೆ, ಮೊದಲು ಬೈಯಬೇಕಾದವಳು ಇಲ್ಲಿ ತೆನೆ ಆರಿಸುತ್ತ ಕೂತಿದ್ದಾಳೆ. ಇವತ್ತೂ ಶುಕ್ರವಾರ. ಗೌರಿ ಹಿತ್ತಲಿಗೆ ಬರುವ ಮುಂಚೆಯೇ ಒಳಗೆ ಬೆಲ್ಲ ಕುಟ್ಟಿ ಪಾನಕ ಮಾಡಿಟ್ಟು ಬಂದಿದ್ದಾಳೆ, ಏಲಕ್ಕಿಯ ವಾಸನೆ ಹಿತ್ತಲಿನವರೆಗೂ ಬಂದಿದೆ.

ಹೆಜ್ಜೆ. ಬರಿಗಾಲು, ಹಿಮ್ಮಡಿ ಒಡೆದ ಕಾಲು, ಹಿತ್ತಲ ಬಾಗಿಲಿಗೆ ಬಂದು ನಿಂತಿತು, ಸವಳಿನ ವಾಸನೆ, ಅಡಿವೆವ್ವ, ಎವ್ವಾರ ಗಂಟು ಕೊಡ್ರಿ, ಅಂದಳು, ಅಷ್ಟು ಅಂದು ದನಿ ತುಂಡಾಯಿತು. ಕಲ್ಲಿನ ಕಡೆ ನೋಡಿದಳು, ನನಗೆ ಗೊತ್ತಾಯಿತು, ಅವಳ ಉಸಿರು ಆ ಕಡೆ ತಿರುಗಿತು. ಯಾರದ್ರೀ ಇದು ಧೋತರ, ಅಂದಳು ಮೆಲ್ಲಗೆ. ಯಾರದರ ಇರಲಿ, ಏನ ಕಾಣತೈತಿ ಹೇಳ, ಅಂದೆ. ಗೌರಿಯ ಕೈಯಲ್ಲಿನ ತೆನೆಯ ಚರಚರ ನಿಂತಿತು. ಹೇಳ ಅಡಿವೆವ್ವಾ, ನನಗ ಕಾಣೂದಿಲ್ಲ ನಿನಗ ಗೊತ್ತೈತಿ, ಅಂದೆ. ನಾ ಒಲ್ಲೇರಿ ಎವ್ವಾರ, ಅಂದಳು, ಒಮ್ಮಿ ಹೇಳಿದ್ದು ಸಾಕ್ರಿ ನನಗ, ಎರಡು ಸುಗ್ಗಿ ನನ್ನ ಮಕ್ಕಳು ಏನ ತಿಂದ್ವು ನಿಮಗ ಗೊತ್ತೈತೇನ್ರಿ. ಹೊಡೆದ ಹಾಗಾಯಿತು, ಹೊಡೆಯಲಿ, ಇನ್ನೂ ಹೊಡೆಯಲಿ, ನಾಲ್ಕು ವರ್ಷದಿಂದ ಕಾದದ್ದು ಇದಕ್ಕೇ ಏನೋ. ಕುಂತಲ್ಲಿಂದಲೇ ಕೈ ಚಾಚಿದೆ, ಅವಳ ಕಾಲು ಸಿಕ್ಕಿತು, ಅಯ್ಯ ಬಿಡ್ರೀ, ಎಂದು ಹಿಂದೆ ಸರಿದಳು, ನಾನು ಬಿಡಲಿಲ್ಲ. ತಪ್ಪಾತು ಅಡಿವೆವ್ವಾ, ಅಂದೆ, ಓಣಿಯ ಮುಂದೆ ಅಂದದ್ದನ್ನು ಓಣಿಯ ಮುಂದೆಯೇ ಹೇಳುತ್ತೇನೆ, ತಪ್ಪಾತು, ನೀ ಹೇಳಿದ್ದು ಖರೇ ಇತ್ತು, ನಿನ್ನ ಮಾತು ಕೇಳಿದ್ದರ ನನಗ ಕಣ್ಣು ಇರ್ತಿದ್ವು, ಇದು ನನ್ನ ಮಗಂದು, ನನ್ನ ಮಗಂದು ಐತಿ, ಹೇಳವ್ವಾ. ಅವಳು ಕೆಳಗೆ ಕೂತಳು, ನನ್ನ ಪಕ್ಕದಲ್ಲೇ, ಮಣ್ಣಿನ ಮೇಲೆ. ಹತ್ಯಾವ್ರಿ, ಅಂದಳು, ಕಲ್ಲಿನ ಸಂದಿಯಿಂದ ಸಾಲ ಹಿಡದಾವು, ಭಾಳ ಹತ್ಯಾವ್ರೀ ಎವ್ವಾರ. ಗೌರಿ ಒಂದು ಸಲ, ಅತ್ತೀ, ಅಂದಳು.

ಮತ್ತೆ ಮುಚ್ಚಳ, ಆರನೆಯದು, ಗಟ ಗಟ — ಪ್ರಭೂ, ಎಂದು ಕೂಗಿದೆ, ಬಾ ಇಲ್ಲೆ. ಬಂದ, ಕೈಯಲ್ಲಿ ಪಾನಕದ ಬಟ್ಟಲು, ಏಲಕ್ಕಿ ಹತ್ತಿರವಾಯಿತು, ಏನವ್ವಾ, ಅಂದ, ಆಮೇಲೆ ಕಲ್ಲು ಕಂಡಿರಬೇಕು, ಧೋತರದ ಬಿಳುಪು ಕಂಡಿರಬೇಕು, ದನಿ ಗಡುಸಾಯಿತು, ನನ್ನ ಧೋತರ ಇಲ್ಲ್ಯಾಕ ತಂದ್ರಿ, ಯಾರು ತಂದ್ರು, ಗೌರೀ ನೀ ತಂದ್ಯಾ, ಅಡಿವೆವ್ವಾ ನಿನ್ನ ಗಂಟು ಎತ್ತಿಕೊಂಡು ನಡೀ ನೀ. ನಾ ತಂದೆ, ಅಂದೆ, ಅಡಿವೆವ್ವ ಹೋಗೂದಿಲ್ಲ, ನೀ ಆ ಬಟ್ಟಲ ಕೆಳಗ ಇಡು. ಹರಕೀದವ್ವಾ ಇದು, ಅಂದ, ನಿನ್ನ ಕಣ್ಣಿಗೆ ಹೊತ್ತದ್ದು. ನನ್ನ ಕಣ್ಣು ಹ್ವಾದ್ವು, ಅಂದೆ, ಹಕೀಮ ಅಂದದ್ದು ನೀನೂ ಕೇಳಿದಿ, ನಾನೂ ಕೇಳೇನಿ, ಹ್ವಾದ್ದು ಬರೂದಿಲ್ಲ, ನಾ ದಸರೀಯಿಂದ ಹರಕಿ ಬೆಲ್ಲ ಆಕಳಿಗೆ ಹಾಕೇನಿ, ದೇವಿ ಸಿಟ್ಟಾದರ ನನ್ನ ಮ್ಯಾಲ ಆಗಲಿ, ನಾಳೆ ಗಾಡಿ ಕಟ್ಟು, ಗಜೇಂದ್ರಗಡಕ್ಕ ಹೋಗೂಣು, ಅವನ ಕಾಲಿಗೆ ಬೇಕಾದರ ನಾ ಬೀಳತೇನಿ. ಅವನು ನಕ್ಕ, ನಗಲು ನೋಡಿದ, ಸುಮ್ಕಿರವ್ವಾ, ಬಾಯಿ ಮುಚ್ಚು, ಮಂದಿ ಕೇಳತಾರ, ಅಂದ — ನನ್ನದೇ ಮಾತು, ನನ್ನದೇ ಹೊಟ್ಟೆಯಿಂದ ಬಂದವನು ನನ್ನದೇ ಮಾತನ್ನು ನನಗೆ ತಿರುಗಿ ಕೊಟ್ಟ — ಕೇಳಲಿ ಮಂದಿ, ಇಡೀ ಜಕ್ಕಲಿ ಕೇಳಲಿ, ಎಂದು ಕೂಗಿದೆ, ನಿನ್ನ ಧೋತರಕ್ಕ ಇರುವಿ ಹತ್ಯಾವೋ ಪ್ರಭೂ, ನನ್ನ ಸೀರಿಗೆ ಹತ್ತಿದಂಗ, ಅದಕ್ಕ ನೀ ಕೋಳಿ ಕೂಗೂದ್ರಾಗ ಎದ್ದು ಒಗೀತಿ. ಯಾವ ಇರುವಿ, ಅಂದ, ಸಿಟ್ಟಿನಲ್ಲೇ ಅಂದ, ಬಗ್ಗಿದ, ಬಟ್ಟಲು ಕಲ್ಲಿಗೆ ತಾಗಿ ಪಾನಕ ತುಳುಕಿತು, ಎಲ್ಲಿ ಅದಾವ ಇರುವಿ. ಇಲ್ಲೇ ಅದಾವಲ್ರೀ, ಅಂದಳು ಗೌರಿ, ಅಂಚಿನ ಮ್ಯಾಲ, ಇಷ್ಟುದ್ದ ಸಾಲು. ಎಲ್ಲಿ, ಅಂದ. ನಿಮ್ಮ ಬೆರಳ ಅದರ ಮ್ಯಾಲೇ ಐತ್ರಿ, ಅಂದಳು. ಅವನ ಅಂಗೈ ಬಟ್ಟೆಯ ಮೇಲೆ ಸರಿದ ಸಪ್ಪಳ, ಸರ್ ಸರ್, ನನ್ನ ಕೈ ತೆನೆಯ ಮೇಲೆ ಸರಿಯುವ ಹಾಗೇ, ಮುಟ್ಟಿ ನೋಡುತ್ತಿದ್ದಾನೆ, ಹಾಡಹಗಲು, ಸಿಟ್ಟೆಲ್ಲ ಎಲ್ಲಿ ಹೋಯಿತು, ಸಣ್ಣವನಿದ್ದಾಗಿನ ದನಿ, ಎಲ್ಲಿ ಗೌರೀ, ಎಲ್ಲ್ಯದಾವ, ನಾನೂ ಕೈ ಇಟ್ಟೆ, ಬಿಳಿ ಧೋತರ, ಕಪ್ಪು ಇರುವೆ, ಒಂದು ನನ್ನ ಬೆರಳು ಹತ್ತಿತು, ದಾಟಿತು, ಅವನ ಬೆರಳಿಗೆ ಹೋಯಿತು, ಇನ್ನೊಂದು, ಅದರ ಹಿಂದೆ ಇನ್ನೊಂದು, ಬಿಳಿ ಧೋತರ, ಕಪ್ಪು ಇರುವೆ, ಎಲ್ಲಿ ಅನ್ನುತ್ತಾನೆ ನನ್ನ ಮಗ, ಇರುವೆ —